ಫ್ರೆಂಚ್ ಕೇಳಿಸಲು ಯಾವುದು ವಾಸಿ: ಎರಡು ಆನ್‌ಲೈನ್ ದಾರಿ, ಒಂದು ಹಳೇ ಉಕ್ತಲೇಖನ

ಎರಡನೇ ಭಾಷೆಯಾಗಿ ಫ್ರೆಂಚ್ ಆರಿಸಿಕೊಳ್ಳುವ ನನ್ನ ಬಿ.ಕಾಂ ವಿದ್ಯಾರ್ಥಿಗಳು ಓದಿ, ಬರೆದು ಹೇಗೋ ದಾಟಿಕೊಳ್ಳುತ್ತಾರೆ. ಯಾರಾದರೂ ಫ್ರೆಂಚ್ ಮಾತಾಡಿದರೆ ಮಾತ್ರ ಪಿಳಿಪಿಳಿ ಕಣ್ಣು ಬಿಡುತ್ತಾರೆ. ಮುಂದೆ ಫ್ರೆಂಚ್ ಎಷ್ಟು ಬರುತ್ತದೆ ಅಂತ ಅಳೆದು ಪ್ರಮಾಣಪತ್ರ ಕೊಡುವ ಡೆಲ್ಫ್ ಪರೀಕ್ಷೆಗೆ ಕೂತರೆ ನೂರರಲ್ಲಿ 25 ಅಂಕ ಕೇಳಿ ಅರ್ಥಮಾಡಿಕೊಳ್ಳುವುದಕ್ಕೇ ಇದೆ. ಹಾಗಾಗಿ ಮೂರು ದಾರಿಗಳನ್ನು ತರಗತಿಯಲ್ಲಿ ಹಿಡಿದು ನೋಡಿದೆ.

ಮೊದಲನೆಯದು ಫ್ರಾನ್ಸಿನ ಅಂತರರಾಷ್ಟ್ರೀಯ ರೇಡಿಯೊ ಆರ್‌ಎಫ್‌ಐನ ಸುಲಭ ಫ್ರೆಂಚ್ ಸುದ್ದಿ. ಹತ್ತು ನಿಮಿಷದ ಕಾರ್ಯಕ್ರಮ, ಜೊತೆಗೆ ಬರಹರೂಪವೂ ಸಿಗುತ್ತದೆ. ಸುಲಭ ಅಂದರೆ ನಿಧಾನ ಅಂತಲ್ಲ. ಸುದ್ದಿಯ ಹಿನ್ನೆಲೆಯನ್ನು ಬಿಡಿಸಿ ಹೇಳುತ್ತಾರೆ, ಅಷ್ಟೇ. ಮಾತಿನ ಓಟ ಓಟವೇ. ಸುದ್ದಿಯಲ್ಲಿ ಬರುವ ಆಫ್ರಿಕಾದ ಮಾಲಿ, ಚಾಡ್ ದೇಶಗಳು ಎಲ್ಲಿವೆ ಅಂತಲೇ ಗೊತ್ತಿಲ್ಲದ ಹುಡುಗರಿಗೆ ಭಾಷೆಯೂ ತಪ್ಪಿತು, ಭೂಗೋಳವೂ ತಪ್ಪಿತು.

ಎರಡನೆಯದು ಫ್ರೆಂಚ್ ಟಿವಿ ವಾಹಿನಿ ಟಿವಿ5ಮೊಂದ್‌ನ ಕಲಿಕಾ ತಾಣ. ತೀರಾ ಹೊಸಬರ ಎ1 ಮಟ್ಟದಿಂದ ಚೆನ್ನಾಗಿ ಬಲ್ಲವರ ಬಿ2 ಮಟ್ಟದವರೆಗೆ ಹಂತ ಹಂತವಾಗಿದೆ, ಪುಕ್ಕಟೆ, ಚಿಕ್ಕ ವಿಡಿಯೊಗಳು, ಮೊಬೈಲಿನಲ್ಲೇ ಅಭ್ಯಾಸ. ಮಕ್ಕಳಿಗೆ ಇದೇ ಇಷ್ಟ. ಆದರೆ ಕೊಟ್ಟ ಉತ್ತರಗಳಲ್ಲಿ ಒಂದನ್ನು ಒತ್ತಬೇಕು ಅಂದಮೇಲೆ ಕಿವಿಗಿಂತ ಬೆರಳೇ ಚುರುಕು! ಸರಿ ಬರುವವರೆಗೆ ಒತ್ತುತ್ತಲೇ ಇರುತ್ತಾರೆ.

ಉಕ್ತಲೇಖನ ಅಂದಾಗ ಎಲ್ಲರೂ ಮೂಗು ಮುರಿದರು. ನನ್ನ ಓಟು ಅದಕ್ಕೇ. ಕನ್ನಡದಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಬರೆದು ಅಭ್ಯಾಸವಾದವರಿಗೆ ಫ್ರೆಂಚಿನ ಕಾಟ ಇಲ್ಲೇ ಬಯಲಾಗುವುದು. 'ಇಲ್ ತ್ರಾವಾಯ್' ಅಂದರೆ ಕೆಲಸ ಮಾಡುವವನು ಒಬ್ಬನೋ ಹಲವರೋ, ಕಿವಿಗೆ ತಿಳಿಯುವುದೇ ಇಲ್ಲ. ಬಹುವಚನದ ಅಕ್ಷರಗಳೆಲ್ಲ ಮೌನ. ಮುಂದಿನ ವಾಕ್ಯದಿಂದಲೇ ಊಹಿಸಬೇಕು. 'ಇಲ್ ಜ಼ೊಂ' ಅಂದರೆ ಅವರ ಬಳಿ ಇದೆ, 'ಇಲ್ ಸೊಂ' ಅಂದರೆ ಅವರು ಇದ್ದಾರೆ. ಒಂದು ಸಾಲಿನಲ್ಲಿ 'ಇಲ್ ಜ಼ೊಂ ಫ್ರುವಾ', ಅವರಿಗೆ ಚಳಿಯಾಗುತ್ತಿದೆ, ಅಂತ ಹೇಳಿದೆ. ಅರ್ಧ ತರಗತಿ ಅವರನ್ನು ತಣ್ಣನೆಯ ಸ್ವಭಾವದವರನ್ನಾಗಿ ಮಾಡಿ ಬರೆದಿತ್ತು. ಯಾರ ಕಿವಿ ಎಲ್ಲಿ ಎಡವುತ್ತದೆ ಅನ್ನುವುದು ಹಾಳೆಯ ಮೇಲೇ ಕಾಣುತ್ತದೆ. ಈ ಲಾಭ ಬೇರೆ ಎರಡರಲ್ಲೂ ಇಲ್ಲ. ಒಂದೇ ತೊಂದರೆ, ಮಕ್ಕಳಿಗೆ ನನ್ನ ದನಿಯೊಂದೇ ರೂಢಿಯಾಗುತ್ತದೆ.

ಅದಕ್ಕೇ ಮೊದಲ ವರ್ಷ ವಾರಕ್ಕೊಮ್ಮೆ ಐದಾರು ಸಾಲಿನ ಉಕ್ತಲೇಖನ, ಮನೆಗೆಲಸಕ್ಕೆ ಟಿವಿ5. ಆರ್‌ಎಫ್‌ಐ ಎರಡನೇ ವರ್ಷಕ್ಕೆ ಇರಲಿ, ಅದೂ ಶುರುವಿನ ಮುಖ್ಯಾಂಶಗಳಷ್ಟೇ. ಬರಹರೂಪವನ್ನು ಮೊದಲೇ ಹಂಚಬೇಡಿ, ಕೇಳುವುದು ಬಿಟ್ಟು ಓದುತ್ತಾ ಕೂರುತ್ತಾರೆ.