ಸೇಫ್ಟಿ ಟ್ರೇನಿಂಗ್ ಬರೀ ಮೊಬೈಲ್‌ನಲ್ಲಿ ಮುಗಿಸ್ತೀವಿ ಅನ್ನೋರಿಗೆ ದುಡ್ಡು ಕೊಡುವ ಮುಂಚೆ ಓದಿ

"ಟ್ರೇನಿಂಗ್ ಪೂರ್ತಿ ಆನ್‌ಲೈನ್ ಸರ್, ಪ್ರೊಡಕ್ಷನ್ ನಿಲ್ಲಿಸೋದೇ ಬೇಡ, ಸರ್ಟಿಫಿಕೇಟ್ ಅಂದೇ ಕೈಗೆ ಬರುತ್ತೆ." ಹೀಗಂತ ಯಾರಾದರೂ ಫೋನ್ ಮಾಡಿದರೆ ಕೂಡಲೇ ಹೂಂ ಅನ್ನಬೇಡಿ. ಅದರಲ್ಲೂ ಲೋಹ ಕರಗಿಸಿ ಎರಕ ಹೊಯ್ಯುವ ಫೌಂಡ್ರಿ ನಡೆಸುವವರು.

ನಾನು ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಶಿಫ್ಟ್ ಸೂಪರ್‌ವೈಸರ್. ನಮ್ಮ ಮಾಲೀಕರು ಹೂಂ ಅಂದರು. ಏಜೆನ್ಸಿ ಹೆಸರು ಬೇಡ. ವಿಡಿಯೋ ನೋಡಲು ಚೆಂದವೇ ಇತ್ತು, ಆದರೆ ಮಾತೆಲ್ಲ ಹಿಂದಿ, ಅದೂ ಆಫೀಸಿನ ಹಿಂದಿ. ನಮ್ಮಲ್ಲಿ ಕನ್ನಡದವರಿದ್ದಾರೆ, ಮರಾಠಿಯವರಿದ್ದಾರೆ, ಒಡಿಶಾದ ಹುಡುಗರೂ ಇದ್ದಾರೆ. ಊಟದ ಬಿಡುವಿನಲ್ಲಿ ಒಂದೇ ಮೊಬೈಲ್ ಕೈಯಿಂದ ಕೈಗೆ ಹೋಯಿತು. ಕೊನೆಯ ಪ್ರಶ್ನೆಗಳಿಗೆ ಎಲ್ಲರ ಪರವಾಗಿ ಕ್ಲರ್ಕ್ ಒಬ್ಬನೇ ಟಿಕ್ ಒತ್ತಿದ. ಎಲ್ಲರಿಗೂ ನೂರಕ್ಕೆ ನೂರು!

ಆಮೇಲೆ ಮಳೆಗಾಲ ಬಂತು. ಬೆಳಗಾವಿ ಮಳೆ ಗೊತ್ತಲ್ವಾ, ಶೆಡ್ಡಿನೊಳಗೂ ಇರಚಲು ಹೊಡೆಯುತ್ತದೆ. ಕರಗಿದ ಕಬ್ಬಿಣದ ಮೇಲೆ ತೇಲುವ ಕಿಟ್ಟ, ಅಂದರೆ ಸ್ಲ್ಯಾಗ್, ತೆಗೆಯುವ ರಾಡನ್ನು ರಾತ್ರಿ ಗೋಡೆಗೆ ಒರಗಿಸಿಟ್ಟಿದ್ದರು. ಬೆಳಿಗ್ಗೆ ಬೈಲಹೊಂಗಲ ಕಡೆಯ ಹೊಸ ಹುಡುಗ ಅದನ್ನು ಬಟ್ಟೆಯಿಂದ ಒರೆಸಿ ಸೀದಾ ಕರಗಿದ ಕಬ್ಬಿಣ ತುಂಬಿದ್ದ ಪಾತ್ರೆಗೆ, ಅಂದರೆ ಲೇಡಲ್‌ಗೆ ಇಳಿಸಿದ. ಢಬ್ ಅಂತ ಸದ್ದು, ಕರಗಿದ ಕಬ್ಬಿಣ ಚಿಮ್ಮಿತು. ಶೀಲ್ಡ್ ಹಾಕಿದ್ದರಿಂದ ಕಣ್ಣು ಉಳಿಯಿತು, ಆದರೆ ಗ್ಲೌಸ್ ಮುಗಿಯುವ ಜಾಗದಲ್ಲಿ ಮುಂಗೈ ಸುಟ್ಟಿತು.

ಆಗಿದ್ದಿಷ್ಟೇ. ರಾಡಿನ ತುದಿಗೆ ಅಂಟಿದ ಹಳೇ ಸ್ಲ್ಯಾಗ್ ಪದರದೊಳಗೆ ನೀರು ಕೂತಿರುತ್ತದೆ, ಒರೆಸಿದರೆ ಹೋಗುವುದಿಲ್ಲ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. 1,400 ಡಿಗ್ರಿ ಆಸುಪಾಸಿನ ಕಬ್ಬಿಣದೊಳಗೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಬಿಡುತ್ತದೆ. ಅದಕ್ಕೇ ರಾಡನ್ನು ಮೊದಲು ಚೆನ್ನಾಗಿ ಕಾಯಿಸಬೇಕು, ಲೇಡಲ್‌ನೂ ಅಷ್ಟೇ. ಹಳೇ ಕೆಲಸಗಾರರಿಗೆ ಇದು ಕೈಗೆ ಬಂದ ಅಭ್ಯಾಸ.

"ವಿಡಿಯೋದಾಗ ಗ್ಲೌಸ್ ಹಾಕ್ರಿ, ಶೀಲ್ಡ್ ಹಾಕ್ರಿ ಅಂದಿದ್ರು ರೀ. ರಾಡ್ ಕಾಯಿಸ್ರಿ ಅಂತ ಎಲ್ಲೂ ಅನ್ನಲಿಲ್ಲ" ಅಂದ ಹುಡುಗ. ಏಜೆನ್ಸಿಗೆ ಕೇಳಿದರೆ, ಕರಗಿದ ಲೋಹದ ವಿಷಯ ಬೇರೆ ಪ್ಯಾಕೇಜ್ ಅಂತೆ! ಫೌಂಡ್ರಿಗೆ ಟ್ರೇನಿಂಗ್ ಮಾರಿ ಹೇಳುವ ಮಾತಾ ಇದು?

ಆನ್‌ಲೈನ್ ಪೂರ್ತಿ ದಂಡ ಅಂತ ನಾನು ಹೇಳುತ್ತಿಲ್ಲ. ಬೋರ್ಡಿನ ಗುರುತುಗಳು, ಯಾವ ಬೆಂಕಿ ಆರಿಸಲು ಯಾವ ಸಿಲಿಂಡರ್, ಅವಘಡ ಆದರೆ ಯಾರಿಗೆ ತಿಳಿಸಬೇಕು, ಇಂಥದ್ದಕ್ಕೆಲ್ಲ ವಿಡಿಯೋ ಸಾಕು, ಆದರೆ ಅವರವರ ಭಾಷೆಯಲ್ಲಿರಬೇಕು. ಕೈಯಿಂದ ಮಾಡುವ ಕೆಲಸ ಮಾತ್ರ ಕೈಯಿಂದಲೇ ಕಲಿಯಬೇಕು. ಸಿಲಿಂಡರಿನ ಪಿನ್ ಎಳೆಯುವುದೂ ಹಾಗೆಯೇ, ಎಷ್ಟೋ ಜನ ಗಾಬರಿಯಲ್ಲಿ ಪಿನ್ ತೆಗೆಯದೆ ಹಿಡಿಕೆ ಹಿಸುಕುತ್ತಾ ನಿಲ್ಲುತ್ತಾರೆ. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿಸಿದ 111ಎ ಕಲಂ ಕೂಡ ತರಬೇತಿ ಕಾರ್ಮಿಕರ ಹಕ್ಕು, ಸಾಧ್ಯವಿದ್ದಲ್ಲಿ ಕಾರ್ಖಾನೆಯೊಳಗೇ ಆಗಬೇಕು ಅಂತ ಹೇಳಿತ್ತು.

ಹಾಗಾಗಿ ಏಜೆನ್ಸಿಯವರನ್ನು ಮೊದಲು ಶಾಪ್ ಫ್ಲೋರ್‌ಗೆ ಕರೆತನ್ನಿ. ನಿಮ್ಮ ಫರ್ನೆಸ್ ನೋಡದೆ ರೇಟ್ ಹೇಳುವವರನ್ನು ಅಲ್ಲಿಂದಲೇ ಕಳಿಸಿ. ಒಪ್ಪಿದರೂ ದುಡ್ಡು ಪೂರ್ತಿ ಮುಂಗಡ ಕೊಡಬೇಡಿ. ಒಂದು ಬ್ಯಾಚ್ ಮುಗಿಯಲಿ, ಅದರಲ್ಲಿ ಯಾರಾದರೂ ಹೊಸಬನನ್ನು ಕರೆದು ಮಾಡಿ ತೋರಿಸು ಅನ್ನಿ, ತೋರಿಸಿದ ಮೇಲೆ ಬಾಕಿ ಕೊಡಿ. ನಮ್ಮವರು ವರ್ಷದ್ದು ಒಟ್ಟಿಗೆ ಕಟ್ಟಿದ್ದಾರೆ. ಈಗ ಫೋನ್ ಎತ್ತುವವರಿಲ್ಲ.