ಹೆಡ್ಡಿನೊಳಗೆ ಮುರಿದ ಸ್ಟಡ್: ಈಜಿ-ಔಟ್, ಎಡಸುತ್ತಿನ ಡ್ರಿಲ್, ವೆಲ್ಡ್ ಮಾಡಿದ ನಟ್ಟು

ಬೈಕಿನ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ಡಿಗೆ ಸೈಲೆನ್ಸರ್ ಪೈಪನ್ನು ಬಿಗಿಯುವ 8 ಮಿ.ಮೀ. ಸ್ಟಡ್ (ಥ್ರೆಡ್ ಎಂಬ ಸುರುಳಿ ಗೆರೆಗಳಿರುವ, ತಲೆಯಿಲ್ಲದ ಬೋಲ್ಟು) ಮುರಿದಾಗ, ಒಳಗೆ ಉಳಿದ ತುಂಡನ್ನು ಹೆಡ್ಡಿಗೆ ಏಟಾಗದಂತೆ ತೆಗೆಯಲು ನಾನು ಮೂರು ಕ್ರಮಗಳನ್ನು ಬೇರೆ ಬೇರೆ ಎಂಜಿನ್‌ಗಳ ಮೇಲೆ ಬಳಸಿ ನೋಡಿದ್ದೇನೆ. ತುಕ್ಕು ಹಿಡಿದು ಕಚ್ಚಿಕೊಂಡಿರುವ ಸ್ಟಡ್ಡಿಗೆ ನಟ್ಟನ್ನು ವೆಲ್ಡ್ ಮಾಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಗ್ಯಾರೇಜುಗಳಲ್ಲಿ ಮೊದಲು ಹೊರಬರುವುದು ಈಜಿ-ಔಟ್, ಅಂದರೆ ಮುರಿದ ತುಂಡಿನಲ್ಲಿ ತೂತು ಕೊರೆದು, ಅದರೊಳಗೆ ಎಡಕ್ಕೆ ತಿರುಗಿಸಿ ಕಚ್ಚಿಸಿ ಬಿಚ್ಚುವ ಉಪಕರಣ. ಆದರೆ ಪೂರ್ತಿ 8 ಮಿ.ಮೀ. ದಪ್ಪವಿದ್ದ ಸ್ಟಡ್ಡೇ ತಡೆಯಲಾರದೆ ಮುರಿದ ಬಲವನ್ನು, ಅದರ ನಡುವೆ ಕೊರೆದ ಸಣ್ಣ ತೂತಿನಲ್ಲಿ ಕುಳಿತ ತೆಳ್ಳನೆಯ ಉಪಕರಣ ತಡೆಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅದರ ಮೊನಚು ಆಕಾರವು ತುಂಡನ್ನು ಒಳಗಿನಿಂದ ಹಿಗ್ಗಿಸಿ ಥ್ರೆಡ್ಡಿಗೆ ಇನ್ನಷ್ಟು ಒತ್ತುತ್ತದೆ. ಈಜಿ-ಔಟ್ ಬಹಳ ಗಟ್ಟಿ, ಅಷ್ಟೇ ಪೆಡಸು; ಅದು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ, ಹೆಡ್ಡನ್ನು ಬಿಚ್ಚಿ ಸ್ಪಾರ್ಕ್ ಎರೋಶನ್ (ವಿದ್ಯುತ್ ಕಿಡಿಗಳಿಂದ ಲೋಹವನ್ನು ಸವೆಸುವ) ಯಂತ್ರವಿರುವ ವರ್ಕ್‌ಶಾಪಿಗೆ ಒಯ್ಯಬೇಕಾಗುತ್ತದೆ. ಅತಿಯಾಗಿ ಬಿಗಿದದ್ದರಿಂದ ತಲೆ ಹಾರಿದ, ಥ್ರೆಡ್ಡಿನಲ್ಲಿ ಕಚ್ಚಿಕೊಂಡಿರದ ಬೋಲ್ಟಿಗೆ ಮಾತ್ರ ನಾನು ಇದನ್ನು ಬಳಸುತ್ತೇನೆ.

ಎಡಸುತ್ತಿನ ಡ್ರಿಲ್ ಬಿಟ್ ಇದಕ್ಕಿಂತ ಎಷ್ಟೋ ವಾಸಿ. ಕೊರೆಯುವ ದಿಕ್ಕೂ ಬಿಚ್ಚುವ ದಿಕ್ಕೂ ಒಂದೇ ಆದ್ದರಿಂದ, ಬಿಟ್ ಹಿಡಿತ ಸಿಕ್ಕಿದ ಕ್ಷಣದಲ್ಲಿ ತುಂಡು ತಾನಾಗಿಯೇ ತಿರುಗಿ ಹೊರಬರುವುದುಂಟು. ಬಾರದಿದ್ದರೂ ಶ್ರಮ ವ್ಯರ್ಥವಲ್ಲ, ಏಕೆಂದರೆ ಅದೇ ತೂತನ್ನು ಹಂತ ಹಂತವಾಗಿ 6.8 ಮಿ.ಮೀ.ವರೆಗೆ ಹಿಗ್ಗಿಸಿದರೆ ಉಳಿದ ಲೋಹವನ್ನು ಥ್ರೆಡ್ಡಿನಿಂದ ಸುರುಳಿಯಂತೆ ಕೀಳಬಹುದು. ಎಲ್ಲವೂ ನಿಂತಿರುವುದು ನಡುಬಿಂದುವಿನ ಮೇಲೆ: ಮುರಿದ ಮುಖವನ್ನು ಅರದಿಂದ ಸಮಮಾಡಿ ಸೆಂಟರ್ ಪಂಚಿನಿಂದ ನಡುವೆ ಸಣ್ಣ ಗುಳಿ ಹೊಡೆಯದಿದ್ದರೆ, ಬಿಟ್ ಉಕ್ಕನ್ನು ಬಿಟ್ಟು ಮೆತ್ತಗಿರುವ ಅಲ್ಯೂಮಿನಿಯಂ ಕಡೆಗೆ ಜಾರುತ್ತದೆ.

ಇನ್ನು ವೆಲ್ಡಿಂಗ್. ತುಂಡು ಹೆಡ್ಡಿನ ಮಟ್ಟಕ್ಕಾದರೂ ಇದ್ದರೆ, ಅದರ ಮೇಲೆ ನಟ್ಟು ಇಟ್ಟು, ನಟ್ಟಿನ ನಡುವಿನಿಂದ ವೆಲ್ಡ್ ತುಂಬಿಸುತ್ತಾ ಬರಬೇಕು. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ. ಬೈಕಿನ ಮೇಲೆಯೇ ಮಾಡುವುದಾದರೆ ಬ್ಯಾಟರಿಯನ್ನೂ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ಕನೆಕ್ಟರನ್ನೂ ಮೊದಲು ಕಳಚಿಡಬೇಕು. ಇಲ್ಲಿ ನಿಜವಾದ ಕೆಲಸ ಮಾಡುವುದು ನಟ್ಟಿನ ಹಿಡಿತಕ್ಕಿಂತ ಶಾಖವೇ. ಕೆಂಪಗೆ ಕಾದು ಹಿಗ್ಗಿದ ಸ್ಟಡ್ ತಣಿಯುತ್ತಾ ಕುಗ್ಗುವಾಗ ತುಕ್ಕಿನ ಕಟ್ಟು ಒಡೆಯುತ್ತದೆ. ಕೆಂಪು ಆರಿದ ಮೇಲೆ, ಬಿಸಿ ಇರುವಾಗಲೇ ಬುಡಕ್ಕೆ ಮೇಣದ ಬತ್ತಿಯನ್ನು ತಾಗಿಸಿದರೆ ಮೇಣ ಕರಗಿ ಥ್ರೆಡ್ಡಿನೊಳಕ್ಕೆ ಇಳಿಯುವುದನ್ನು ಕಣ್ಣಾರೆ ಕಾಣಬಹುದು. ಆಮೇಲೆ ಸ್ಪ್ಯಾನರಿನಿಂದ ಒಂದೇ ಸಮ ಬಿಚ್ಚದೆ, ಸ್ವಲ್ಪ ಹಿಂದೆ ಸ್ವಲ್ಪ ಮುಂದೆ ಆಡಿಸಬೇಕು. ಮೊದಲ ನಟ್ಟು ಕಿತ್ತು ಬಂದರೆ ಬೇಸರಪಡದೆ ಇನ್ನೊಂದನ್ನು ವೆಲ್ಡ್ ಮಾಡಿ, ಏಕೆಂದರೆ ಪ್ರತಿ ಸಲದ ಶಾಖವೂ ತುಂಡನ್ನು ಇನ್ನಷ್ಟು ಸಡಿಲಿಸುತ್ತದೆ. ತೂತಿನ ಆಳದಲ್ಲಿ ಮುರಿದಿದ್ದರೆ ಮಾತ್ರ ಇದನ್ನು ಬಿಟ್ಟು ಎಡಸುತ್ತಿನ ಬಿಟ್ಟನ್ನು ಆರಿಸಿಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ವೆಲ್ಡಿನ ಉರಿ ಮೇಲಿನ ಥ್ರೆಡ್ಡನ್ನೇ ಕರಗಿಸಬಹುದು.

ಯಾವ ಕ್ರಮದಿಂದ ತೆಗೆದರೂ, ಹೊಸ ಸ್ಟಡ್ ಹಾಕುವ ಮೊದಲು 8×1.25 (8 ಮಿ.ಮೀ. ದಪ್ಪ, ಥ್ರೆಡ್ಡುಗಳ ಅಂತರ 1.25 ಮಿ.ಮೀ.) ಟ್ಯಾಪನ್ನು, ಅಂದರೆ ಥ್ರೆಡ್ ಕೊರೆಯುವ ಉಪಕರಣವನ್ನು, ಕೈಯಿಂದಲೇ ಇಳಿಸಿ ನೋಡಬೇಕು. ಅದು ಹಿಡಿತವಿಲ್ಲದೆ ಸಡಿಲವಾಗಿ ಇಳಿದರೆ ಥ್ರೆಡ್ ಹೋಗಿದೆಯೆಂದೇ ಅರ್ಥ, ಆಗ ಹೆಲಿಕಾಯಿಲ್ (ಹಾಳಾದ ತೂತಿಗೆ ಹೊಸ ಥ್ರೆಡ್ ಕೊಡುವ ತಂತಿಯ ಸುರುಳಿ) ಹಾಕಿಸಬೇಕು.