ಮೂರು ಬೇಸ್ ಗಿಟಾರ್‌ಗಳು: ಅಂಗಡಿಯಲ್ಲಿ ಕೇಳಿದ್ದು, ಪೆಂಡಾಲಿನಲ್ಲಿ ಕೇಳಿಸುವುದು

ಹಾರ್ಮೋನಿಯಂನ ಕಪ್ಪು ಒಂದಕ್ಕೆ, ಅಂದರೆ ಮೊದಲ ಕಪ್ಪು ಕೀಲಿಯ ಸ್ವರಕ್ಕೆ, ಶ್ರುತಿ ಮಾಡಿದ ಗಂಡುದನಿಯ ತಂಬೂರಿಯಲ್ಲಿ ಖರ್ಜದ, ಅಂದರೆ ಕೆಳಗಿನ ಷಡ್ಜದ ತಂತಿ ಸುಮಾರು 69 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 69 ಕಂಪನ) ನುಡಿಯುತ್ತದೆ. ನಾಲ್ಕು ತಂತಿಯ ಬೇಸ್ ಗಿಟಾರಿನ ದಪ್ಪ ತಂತಿ, ಅಂದರೆ ‘ಇ’, ಅದಕ್ಕಿಂತಲೂ ಕೆಳಗೆ, 41 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಈ ಅಂಕಿಯನ್ನು ಮೊದಲಿಗೇ ಹೇಳಲು ಕಾರಣವಿದೆ. ಗಣೇಶೋತ್ಸವದ ಪೆಂಡಾಲುಗಳಲ್ಲಿಯೂ ಮದುವೆಯ ಆರ್ಕೆಸ್ಟ್ರಾಗಳಲ್ಲಿಯೂ ಬೇಸ್ ನುಡಿಸುವ ನಾನು ಹೊಸ ವಾದ್ಯ ಕೊಳ್ಳಲೆಂದು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಎರಡು ಮಧ್ಯಾಹ್ನ ಕುಳಿತಿದ್ದೆ. ಅಲ್ಲಿ ನುಡಿಸಿ ನೋಡಲು ಕೊಟ್ಟದ್ದು ಸಣ್ಣ ಸ್ಪೀಕರಿನ ಸಾದಾ ಗಿಟಾರ್ ಆಂಪ್ಲಿಫೈಯರ್. ಅಂಥ ಸ್ಪೀಕರಿನಿಂದ 41 ಹರ್ಟ್ಸ್ ಹೊರಬರುವುದು ಇಲ್ಲವೆನ್ನುವಷ್ಟು ಕಡಿಮೆ; ಕಿವಿಗೆ ಬೀಳುವುದು ಅದರ ಇಮ್ಮಡಿ, ಮುಮ್ಮಡಿ ಕಂಪನದ ಉಪಸ್ವರಗಳು. ಎರಡನೆಯ ದಿನ ನಮ್ಮ ತಂಡದ 15 ಅಂಗುಲ ಸ್ಪೀಕರಿನ ಬೇಸ್ ಆಂಪ್ಲಿಫೈಯರನ್ನೇ ಆಟೋದಲ್ಲಿ ಹೇರಿಕೊಂಡು ಹೋದೆ. ಮೊದಲ ದಿನ ವಾದ್ಯಗಳಿಗೆ ಮನಸ್ಸಿನಲ್ಲಿ ಹಾಕಿಕೊಂಡಿದ್ದ ಮೇಲು-ಕೆಳಗಿನ ಕ್ರಮವೇ ತಲೆಕೆಳಗಾಯಿತು.

ಹೋಲಿಸಿದ್ದು ಸ್ಕ್ವೈರ್ ಅಫಿನಿಟಿ ಜಾಝ್ ಬೇಸ್, ಯಮಹಾ ಟಿಆರ್‌ಬಿಎಕ್ಸ್ 174 ಮತ್ತು ಸ್ಟರ್ಲಿಂಗ್ ಬೈ ಮ್ಯೂಸಿಕ್ ಮ್ಯಾನ್‌ನ ಸಬ್ ರೇ 4 ಎಂಬ ಮೂರು ವಾದ್ಯಗಳನ್ನು. ಮೂರರಲ್ಲಿಯೂ ತಂತಿಯ ನುಡಿಯುವ ಉದ್ದ ಒಂದೇ, 34 ಅಂಗುಲ. ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್‌ನ ಅಳತೆಯೇ ಇದು. ಆದ್ದರಿಂದ ನಾದದ ವ್ಯತ್ಯಾಸವನ್ನು, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪಿನ ಬಗೆಯಲ್ಲಿಯೂ ಅದು ಕುಳಿತಿರುವ ಜಾಗದಲ್ಲಿಯೂ ಹುಡುಕಬೇಕು. ನೆಕ್ಕಿನ, ಅಂದರೆ ಎಡಗೈ ಹಿಡಿಯುವ ಕತ್ತಿನ ಕಡೆಗೆ ತಂತಿ ಅಗಲವಾಗಿ ಆಡುವುದರಿಂದ ಅಲ್ಲಿರುವ ಪಿಕಪ್ ಮೂಲಸ್ವರವನ್ನು ತುಂಬಿ ಕೊಡುತ್ತದೆ. ತಂತಿಗಳ ಇನ್ನೊಂದು ತುದಿಯನ್ನು ಹೊರುವ ಬ್ರಿಡ್ಜಿನ ಹತ್ತಿರ ಆ ಆಟ ಕಿರಿದಾಗಿ, ಉಪಸ್ವರಗಳು ಮುಂದಕ್ಕೆ ಬರುತ್ತವೆ. ಕಟ್ಟಿಗೆಯ ಜಾತಿಯ ಬಗ್ಗೆ ಅಂಗಡಿಯವರು ಹೇಳುವ ಮಾತಿಗೆ ನಾನು ಅಷ್ಟು ಬೆಲೆ ಕೊಡಲಾರೆ.

ಜಾಝ್ ಬೇಸ್ 1960ರಲ್ಲಿ ಬಂದ ವಿನ್ಯಾಸ. ತಲೆಯ ಕಡೆ ಅದರ ನೆಕ್ ಸುಮಾರು 38 ಮಿಲಿಮೀಟರ್ ಮಾತ್ರ ಅಗಲವಿದ್ದು, ಎಡಗೈಗೆ ಮೂರರಲ್ಲಿ ಇದೇ ಹೆಚ್ಚು ಹಿತವೆನಿಸಿತು. ಇದಕ್ಕೆ ಎರಡು ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್‌ಗಳು, ಎರಡಕ್ಕೂ ಬೇರೆ ಬೇರೆ ವಾಲ್ಯೂಮ್. ಎರಡನ್ನೂ ಪೂರ್ತಿ ತೆರೆದರೆ ನಡುವಣ ಸ್ವರಾಂಶಗಳು ಹಿಂದೆ ಸರಿದು, ಬೆರಳಿನ ಪ್ರತಿ ಹೊಡೆತವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಬ್ರಿಡ್ಜಿನ ಪಿಕಪ್ಪೊಂದನ್ನೇ ತೆರೆದರೆ ಗಂಟಲು ಬಿಗಿಹಿಡಿದು ಹಾಡಿದಂಥ ಚೂಪು ದನಿ ಬರುತ್ತದೆ. ಅಂಗಡಿಯ ಸಣ್ಣ ಸ್ಪೀಕರಿನಲ್ಲಿ ಇದು ಉಳಿದೆರಡನ್ನೂ ಮಂಕು ಮಾಡಿತು.

ತೊಂದರೆ ಇರುವುದು ವೇದಿಕೆಯಲ್ಲಿ. ಜಾಝ್ ಬೇಸ್‌ನ ಎರಡು ಪಿಕಪ್‌ಗಳನ್ನು ಒಂದಕ್ಕೊಂದು ವಿರುದ್ಧವಾಗಿ ಸುತ್ತಿರುವುದರಿಂದ, ಎರಡೂ ಸಮವಾಗಿ ತೆರೆದಿರುವಾಗ ಕರೆಂಟಿನ ಗುಂಯ್‌ಗುಟ್ಟುವಿಕೆ ಪರಸ್ಪರ ಅಳಿದುಹೋಗುತ್ತದೆ. ಒಂದನ್ನು ತಗ್ಗಿಸಿದೊಡನೆ ಆ ಸಮತೋಲ ತಪ್ಪುತ್ತದೆ. ಒಮ್ಮೆ ಗೆಳೆಯನಿಂದ ಜಾಝ್ ಮಾದರಿಯ ಬೇಸ್ ತಂದು ಪೆಂಡಾಲೊಂದರಲ್ಲಿ ನುಡಿಸುತ್ತಿದ್ದೆ. ಮೇಲೆ ಸೀರಿಯಲ್ ಲೈಟುಗಳ ಸಾಲು, ಬೆನ್ನ ಹಿಂದೆ ಡಿಮ್ಮರ್ ಪೆಟ್ಟಿಗೆ, ಅರ್ಥಿಂಗ್ ಇದೆಯೋ ಇಲ್ಲವೋ ದೇವರೇ ಬಲ್ಲ. ನಿಧಾನ ಲಯದ ಹಾಡಿಗೆಂದು ಬ್ರಿಡ್ಜಿನ ಪಿಕಪ್ಪನ್ನು ಮುಚ್ಚಿದ ಕ್ಷಣವೇ ಗುಂಯ್ ಎನ್ನುವ ಸದ್ದು ಏರಿತು. ನಮ್ಮ ಕರೆಂಟಿನ ಕಂಪನ 50 ಹರ್ಟ್ಸ್. ‘ಇ’ ತಂತಿಯ ಮೂರನೆಯ ಫ್ರೆಟ್‌ನಲ್ಲಿ ಸಿಗುವ ‘ಜಿ’ ಸ್ವರ 49 ಹರ್ಟ್ಸ್. ಹಾಡು ಅದೇ ಸ್ವರದ ಮೇಲೆ ನಿಂತಿತ್ತು. ಒಂದು ಕೂದಲೆಳೆ ಶ್ರುತಿ ತಪ್ಪಿದ ಇನ್ನೊಬ್ಬ ಬೇಸ್ ವಾದಕ ನನ್ನ ಜೊತೆಗೆ ನುಡಿಸುತ್ತಿದ್ದಂತೆ, ಎರಡು ನಾದಗಳೂ ಒಂದನ್ನೊಂದು ತಳ್ಳಾಡುತ್ತಿದ್ದುವು.

ಯಮಹಾದಲ್ಲಿ ಈ ಭಯ ಅರ್ಧದಷ್ಟೂ ಇಲ್ಲ. ಇದರ ನಡುವಿನ ಪಿಕಪ್, ಪ್ರಿಸಿಷನ್ ಬೇಸ್‌ಗೆ 1957ರಲ್ಲಿ ಬಂದ ಸ್ಪ್ಲಿಟ್ ಕಾಯಿಲ್ ಮಾದರಿಯದು: ದಪ್ಪನೆಯ ಎರಡು ತಂತಿಗಳಿಗೆ ಒಂದು ತುಂಡು, ಸಣ್ಣ ಎರಡು ತಂತಿಗಳಿಗೆ ಇನ್ನೊಂದು ತುಂಡು, ಎರಡೂ ಸೇರಿ ಗುಂಯ್ ಸದ್ದನ್ನು ತಾವಾಗಿಯೇ ಅಳಿಸುತ್ತವೆ. ಬ್ರಿಡ್ಜಿನ ಬಳಿ ಜಾಝ್ ಮಾದರಿಯ ಒಂದು ಸಿಂಗಲ್ ಕಾಯಿಲ್ ಇದೆ. ಸದ್ದು ಮಾಡುವುದಿದ್ದರೆ ಅದೊಂದೇ. ಒಂಟಿಯಾಗಿ ಕೇಳಿದರೆ ನಡುವಿನ ಪಿಕಪ್ಪಿನ ನಾದ ತುಸು ಮೊಂಡು, ಮೆರುಗಿಲ್ಲದ್ದು. ಮೊದಲ ದಿನ ನಾನು ಇದನ್ನು ಕೆಳಗಿಟ್ಟದ್ದು ಅದಕ್ಕಾಗಿಯೇ. ಆದರೆ ದೊಡ್ಡ ಸ್ಪೀಕರಿಗೆ ಹಚ್ಚಿ, ನಮ್ಮ ತಂಡದ ಢೋಲಕ್ ಮತ್ತು ಕೀಬೋರ್ಡಿನ ಧ್ವನಿಮುದ್ರಣವನ್ನು ಫೋನಿನಿಂದ ಅಂಗಡಿಯ ಸ್ಪೀಕರಿಗೆ ಕೊಟ್ಟು ಅದರೊಡನೆ ನುಡಿಸಿದಾಗ, ಜಾಝ್‌ನ ಸೊಗಸೆಲ್ಲ ಕೀಬೋರ್ಡಿನ ಕೆಳಗೆ ಕರಗಿಹೋಯಿತು, ಈ ಮೊಂಡು ನಡುನಾದ ಮಾತ್ರ ತನ್ನ ಜಾಗ ಬಿಡಲಿಲ್ಲ. ಡಗ್ಗಾದ ಮೇಲೆ ಅಂಗೈ ಊರಿ ಹೊಡೆದ ಪೆಟ್ಟಿನಂತೆ ಪ್ರತಿ ಸ್ವರಕ್ಕೂ ಒಂದು ಗುಂಡನೆಯ ಆಕಾರವಿತ್ತು.

ಸಬ್ ರೇ 4 ಬೇರೆಯೇ ಜಾಯಮಾನದ ವಾದ್ಯ. 1976ರ ಸ್ಟಿಂಗ್‌ರೇ ವಿನ್ಯಾಸವನ್ನು ಅನುಸರಿಸಿದ ಇದರಲ್ಲಿ ಬ್ರಿಡ್ಜಿನ ಕಡೆಗೆ ಒಂದೇ ದೊಡ್ಡ ಹಂಬಕರ್ (ಎರಡು ಸುರುಳಿ ಸೇರಿ ಗುಂಯ್ ಸದ್ದನ್ನು ಅಳಿಸುವ) ಪಿಕಪ್, ಸಂಕೇತವನ್ನು ವಾದ್ಯದೊಳಗೇ ಬಲಪಡಿಸುವ 9 ವೋಲ್ಟ್ ಬ್ಯಾಟರಿಯ ಪ್ರಿಆಂಪ್. ಹೆಬ್ಬೆರಳಿನಿಂದ ಕುಟ್ಟಿ ನುಡಿಸುವವರಿಗೆ ಇದರ ಗಡುಸು ಹಿಡಿಸುತ್ತದೆ. ಕೇಬಲ್ ಚುಚ್ಚಿದೊಡನೆ ಬ್ಯಾಟರಿ ಖರ್ಚಾಗಲು ತೊಡಗುವುದರಿಂದ, ವಿರಾಮದಲ್ಲಿ ಮಿರ್ಚಿ ಭಜಿ ತಿನ್ನಲು ಎದ್ದು ಹೋಗುವವರು ಕೇಬಲ್ ಕೀಳುವ ರೂಢಿ ಮಾಡಿಕೊಳ್ಳಬೇಕು. ಮೂರರಲ್ಲಿ ಬೆಲೆಯೂ ಇದರದೇ ಹೆಚ್ಚು.

ತಂತಿಯ ವಿಷಯವನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಮೂರಕ್ಕೂ ಅಂಗಡಿಯಲ್ಲಿದ್ದದ್ದು ಉರುಟು ಸುತ್ತಿನ, ರೌಂಡ್‌ವೂಂಡ್ ತಂತಿಗಳು. ಹೊಸದಿದ್ದಾಗ ಅವುಗಳಲ್ಲಿ ಜವಾರಿ ಬಿಡಿಸಿದ, ಅಂದರೆ ತಂತಿ ಝೇಂಕರಿಸುವಂತೆ ಬ್ರಿಡ್ಜನ್ನು ಹದಗೊಳಿಸಿದ ತಂಬೂರಿಯ ನಾದಕ್ಕೆ ಹತ್ತಿರವಾದ ಹೊಳಪಿರುತ್ತದೆ. ಚಪ್ಪಟೆ ಸುತ್ತಿನ ಫ್ಲಾಟ್‌ವೂಂಡ್ ತಂತಿ ಆ ಹೊಳಪನ್ನು ಇಳಿಸಿ ಮೂಲಸ್ವರವನ್ನು ಮುಂದಿಡುತ್ತದೆ. ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಣಗಳಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಪ್ರಿಸಿಷನ್ ಬೇಸ್‌ಗೆ ಅಂಥವನ್ನೇ ಕಟ್ಟಿ ನುಡಿಸಿದ್ದರು.

ನಾನು ತಂದದ್ದು ಯಮಹಾವನ್ನು. ತಿಂಗಳೊಳಗೆ ಫ್ಲಾಟ್‌ವೂಂಡ್ ತಂತಿಗಳನ್ನೂ ಹಾಕಿಸಿದೆ. ಧಾರವಾಡದ ಜಿಟಿಜಿಟಿ ಮಳೆ ಹಿಡಿದಾಗ ನೆಕ್ ಸ್ವಲ್ಪ ಬಾಗಿತು. ನೆಕ್ಕಿನೊಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ಕಾಲು ಸುತ್ತು ತಿರುಗಿಸಿದ ಮೇಲೆ ಸರಿಹೋಯಿತು. ಬ್ರಿಡ್ಜಿನ ಪಿಕಪ್ಪನ್ನು ಮನೆಯಲ್ಲಿ ಅಭ್ಯಾಸಕ್ಕೆ ಕುಳಿತಾಗ ಮಾತ್ರ ತೆರೆಯುತ್ತೇನೆ, ಅದೂ ಟ್ಯೂಬ್‌ಲೈಟ್ ಆರಿಸಿದ ಮೇಲೆ.